ಮಗ್ಗದ ಕುಣಿಯ ನೀರು

ಗಜೇಂದ್ರಗಡದ ಮೇಲೆ ರೋಹಿಣಿ ಮಳೆ ರಾತ್ರಿಯೆಲ್ಲ ಹೊಡೆದು ಬೆಳಗಿನ ಜಾವಕ್ಕೆ ನಿಂತಿತ್ತು. ದನ ಹೊರಬೀಳುವ ಹೊತ್ತಿಗೆ ವೀರವ್ವ ಹಿತ್ತಲ ತಗಡಿನ ಶೆಡ್ಡಿನ ಬಾಗಿಲು ತೆಗೆದಳು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿ ಅಂಚಿನ ತನಕ ತುಂಬಿತ್ತು. ಗರಸು ಮಣ್ಣಿನ ಕೆಂಪು ನೀರು. ಮಗ್ಗದಲ್ಲಿ ನೇಯ್ದು ಸುತ್ತಿದ್ದ ಸೀರೆಯ ಸುರುಳಿಗೂ ತಾಗಿತ್ತು.

ಮೈದುನ ಮುದಿಯಪ್ಪನ ಮಗಳು ಅನಿತಾಳ ಮದುವೆ ಸೀರೆ ಅದು. ಆ ಮನೆಯ ಹೆಣ್ಣುಮಕ್ಕಳು ಮನೆಯ ಮಗ್ಗದ ಸೀರೆ ಉಟ್ಟೇ ಹೊಸ್ತಿಲು ದಾಟುವುದು ಹಿಂದಿನಿಂದ ಬಂದ ರೂಢಿ. ಸೆರಗಷ್ಟೇ ಬಾಕಿ, ಮದುವೆ ಬರುವ ಸೋಮವಾರ.

ಬೇಸಿಗೆಯಲ್ಲಿ ಮುದಿಯಪ್ಪ ಪಕ್ಕದ ತನ್ನ ಪಾಲಿನ ಹಿತ್ತಲಿಗೆ ಗರಸು ಹೇರಿಸಿ ಎತ್ತರ ಮಾಡಿಸಿದ್ದ. ಅಂದಿನಿಂದ ವೀರವ್ವ ಶೆಡ್ಡಿನ ಗೋಡೆಯ ಬುಡಕ್ಕೆ ಎರೆಮಣ್ಣು ಮೆತ್ತಿದ್ದಳು, ಗೊಬ್ಬರದ ಚೀಲಕ್ಕೆ ಉಸುಕು ತುಂಬಿ ಒತ್ತಿದ್ದಳು. ಆದರೂ ಮಳೆ ಬಂದಾಗಲೆಲ್ಲ ನೀರು ಎಲ್ಲಿಂದಲೋ ಜಿನುಗುತ್ತಲೇ ಇತ್ತು.

"ಮುದಿಯಪ್ಪಾ, ಬಾ ಇಲ್ಲಿ. ನಿನ್ನ ಮಗಳ ಸೀರಿ ನೋಡು."

ಅವನು ಹಲ್ಲುಜ್ಜುತ್ತ ಬಂದ. "ಮ್ಯಾಲಿನ ನೀರು ಕೆಳಗ ಬರತಾವ್ರಿ ವೈನಿ. ನಾ ಏನ ಮಾಡ್ಲಿ?"

"ನಡುವ ಒಂದು ಗಟಾರ ತೆಗಿ ಅಂತ ಎಷ್ಟ ಸಲ ಹೇಳೀನಿ?"

"ಗಟಾರ ತೆಗದ್ರ ಗಾಡಿ ಹ್ಯಾಂಗ ಒಳಗ ಬರತೈತಿ? ಆ ಕುಣಿ ಮುಚ್ಚಿಬಿಡ್ರಿ ಅತ್ಲಾಗ. ಶೆಡ್ಡಿನ ಜಾಗಾ ನನಗ ಬಿಡ್ರಿ. ಸೀರಿ ಚಿಂತಿ ಬ್ಯಾಡ, ಹುಬ್ಬಳ್ಳಿಯಿಂದ ರೇಷ್ಮಿದ ತಂದೀನಿ."

 ವೀರವ್ವ ಕೊಡ ತಂದು ಕುಣಿಯ ನೀರು ತುಂಬಿದಳು. ಓಣಿ ಸುತ್ತಿ ಹೋಗಿ, ಮದುವೆ ಹಂದರದ ಅಡಿಯಲ್ಲಿ ಅವನ ಹೊಸ್ತಿಲ ಮೇಲೆ ಸುರಿದಳು. ರಂಗೋಲಿ ತೊಳೆದುಹೋಯಿತು. ಮತ್ತೆ ತಂದಳು, ಮತ್ತೆ ಸುರಿದಳು.

"ವೈನಿ, ತಲಿ ಕೆಟ್ಟೈತೇನ್ರಿ? ಓಣಿ ಮಂದಿ ನೋಡಾಕತ್ತಾರ."

"ನೋಡ್ಲಿ. ನಿನ್ನ ನೀರು ನಿನಗ ತಿರುಗಿ ಕೊಡಾಕತ್ತೀನಿ, ಇಟ್ಕೊ."

ಎದುರು ಕಟ್ಟೆಯ ಮೇಲಿದ್ದ ಗಾಳೆವ್ವ, "ಮದುಮಗಳನ್ನ ಎರಿಯೋ ಸುರಗಿ ನೀರು ಲಗೂನ ಬಂದ್ವಲ್ಲ," ಎಂದಳು.

ಅರಿಷಿಣದ ಮೈಯಲ್ಲಿ ಅನಿತಾ ಹೊರಗೆ ಬಂದಳು. "ಅರಿಷಿಣ ಹಚ್ಚಿದಾಕಿ ಹೊರಗ ಬರಬಾರದು, ಒಳಗ ನಡಿ," ಎಂದು ಮುದಿಯಪ್ಪ ಗದರಿದ. ಅವಳು ಅಪ್ಪನತ್ತ ನೋಡಲೇ ಇಲ್ಲ. ದೊಡ್ಡವ್ವನ ಕೈಯ ಕೊಡ ಕಸಿದುಕೊಂಡು ಹಿತ್ತಲಿಗೆ ನಡೆದಳು. ಕುಣಿ ಬರಿದಾಗುವ ತನಕ ಹೊತ್ತು ತಂದು, ತನ್ನ ಮನೆಯ ಹೊಸ್ತಿಲಿಗೇ ಸುರಿದಳು.

"ಇನ್ನ ಸೆರಗು ನೇಯಿ ದೊಡ್ಡವ್ವ."

"ಕಲಿ ಬಿದ್ದೈತಲ್ಲ ಮಗಳ."

"ಇರಲಿ. ತೊಳಿಬ್ಯಾಡಬೇ."

ವೀರವ್ವ ಹಸಿ ಕುಣಿಯಲ್ಲಿ ಕಾಲಿಟ್ಟು ಸೆರಗು ಮುಗಿಸಿದಳು.

ಸೋಮವಾರ ಸಂಜೆ ಅನಿತಾ ಬೆಳವಣಕಿಗೆ, ಗಂಡನ ಮನೆಗೆ ಹೊರಟಳು. ಹುಬ್ಬಳ್ಳಿಯ ರೇಷ್ಮೆ ಟ್ರಂಕಿನಲ್ಲಿತ್ತು. ಉಟ್ಟದ್ದು ಮಗ್ಗದ ಸೀರೆ. ನಿರಿಗೆಯ ಮೇಲೆ ಅಂಗೈ ಅಗಲದ ಕೆಂಪು ಕಲೆ. "ಇದೇನವ್ವಾ?" ಎಂದು ಅತ್ತೆ ಬಾಗಿ ಕೇಳಿದಳು.

"ನಮ್ಮಪ್ಪನ ಹಿತ್ತಲದ ಮಣ್ಣರಿ ಅತ್ತಿ," ಎಂದಳು ಅನಿತಾ, ಹಂದರದಲ್ಲಿದ್ದವರಿಗೆಲ್ಲ ಕೇಳುವಂತೆ.

ಮುದಿಯಪ್ಪ ಬಾಗಿ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಅವನ ಕಾಲಲ್ಲೇ ಇದ್ದವು.