ಎರಡು ಕ್ಯಾಂಡಲಿನ ಫಿಲ್ಟರ್

ಕುತುಬುದ್ದೀನನ ಹಿಂದಿನ ಸಂಬಂಧ ಮುರಿದದ್ದು ಒಂದು ಹುಳದಿಂದ. ಹೆಣ್ಣಿನ ಕಡೆಯವರು ದಾವಣಗೆರೆಗೆ ಮನೆ ನೋಡಲು ಬಂದಿದ್ದಾಗ, ನಲ್ಲಿ ನೀರಿನ ಜೊತೆ ಲೋಟಕ್ಕಿಳಿದಿದ್ದ ಒಂದು ಕೆಂಪು ಹುಳ ಹುಡುಗಿಯ ಸೋದರಮಾವನ ತುಟಿಯವರೆಗೂ ಬಂದು ಸಲಾಂ ಹೊಡೆದಿತ್ತು. ಬಂದವರು ಚಪ್ಪಲಿ ಹುಡುಕಿಕೊಂಡು ಹೊರಟೇಹೋದರು. ಆಮೇಲೆ ಯಾರೂ ಆಜಾದ್ ನಗರದ ಆ ಬಾಗಿಲು ಬಡಿಯಲಿಲ್ಲ. ಹುಡುಗನಿಗೆ ಮೂವತ್ತು ದಾಟಿತು, ಕೂದಲ ನಡುವೆ ನೆತ್ತಿ ಇಣುಕತೊಡಗಿತು.

ಹಾಗಾಗಿ ಹರಿಹರದಿಂದ ಹೊಸದೊಂದು ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದು ತಿಳಿದೊಡನೆ ತಾಯಿ ಮಾಬೂಬೀ ಪಾತ್ರೆ ಅಂಗಡಿಗೆ ಓಡಿದಳು. ಅಂಗಡಿಯ ಓಬಯ್ಯ ಎರಡು ಸ್ಟೀಲ್ ಫಿಲ್ಟರುಗಳನ್ನು ಮುಂದಿಟ್ಟು, ಒಳಗಿನ ಬಿಳಿ ಕ್ಯಾಂಡಲ್ ನೀರನ್ನು ಹೇಗೆ ಸೋಸುತ್ತದೆ, ಒಂದು ಕ್ಯಾಂಡಲ್ ಸಾಕೋ ಎರಡು ಬೇಕೋ ಎಂದು ವಿವರಿಸತೊಡಗಿದ. ಅವಳು ಬಿಂದಿಗೆ ಕೊಳ್ಳುವವಳ ಹಾಗೆ ಬೆರಳಿನಿಂದ ಬಾರಿಸಿದಳು, ಎತ್ತಿ ಭಾರ ನೋಡಿದಳು, ಹೊಳಪಿನಲ್ಲಿ ಮುಖ ನೋಡಿಕೊಂಡಳು.

"ಇದ್ರಾಗೆ ಯಾವುದು ದೂರದಿಂದ ಚೆಂದ ಕಾಣ್ತೈತೆ?"

"ನೀರು ಕುಡಿಯೋಕೆ ತಾನೇ ಒಯ್ಯೋದು ನೀವು?"

"ಕುಡಿಯೋಕಲ್ರಿ, ಮದ್ವೆಗೆ."

ಎರಡು ಕ್ಯಾಂಡಲಿನ ದೊಡ್ಡದೇ ಮನೆಗೆ ಬಂತು. ಅಡುಗೆಮನೆಗಲ್ಲ, ಪಡಸಾಲೆಗೆ. ಟೀವಿ ಇಲ್ಲದ ಮನೆಯಲ್ಲಿ ಟೀವಿ ಇಡಬೇಕಾದ ಜಾಗದಲ್ಲಿ, ತಲೆಗೊಂದು ಕ್ರೋಶಾ ಟೋಪಿ ಹಾಕಿಸಿಕೊಂಡು ಮದುಮಗನ ಗತ್ತಿನಲ್ಲಿ ಕೂತಿತು. ಆದರೆ ಅದು ಮಳೆಗಾಲ. ಹೊಳೆಗೆ ಹೊಸ ನೀರು ಬಂದು ನಲ್ಲಿಯಲ್ಲಿ ಚಹಾ ಬಣ್ಣದ್ದು ಇಳಿಯುತ್ತಿತ್ತು. ಆ ಕೆಸರಿಗೆ ಕ್ಯಾಂಡಲ್ ಎರಡೂ ಕಟ್ಟಿಕೊಂಡವು. ಆಗಾಗ ಬಿಚ್ಚಿ ತಿಕ್ಕಿ ತೊಳೆಯಬೇಕೆಂದು ಓಬಯ್ಯ ಹೇಳಿದ್ದ, ಆಗ ಮಾಬೂಬೀ ಮುಖ ನೋಡಿಕೊಳ್ಳುತ್ತಿದ್ದಳು.

ಐದಾರು ಜನ ಬರುತ್ತೇವೆ ಎಂದಿದ್ದ ಹರಿಹರದವರು ಭಾನುವಾರ ಮೂರು ಜಟಕಾ ತುಂಬ ಬಂದಿಳಿದರು. ಹುಡುಗಿಯ ಅಜ್ಜಿ ಸುಗ್ರಾಬಿ ಗೋಡೆಗೊರಗಿ ಕೂತವಳೇ ಎಲೆಗೆ ಸುಣ್ಣ ಸವರುತ್ತ ಮಾತು ತೆಗೆದಳು.

"ನಮ್ಮ ಹೊಳೆ ನೀರೇ ಅಲ್ಲೇನಮ್ಮಾ ಪೈಪಿನಾಗೆ ನಿಮ್ಮೂರಿಗೆ ಬರೋದು? ನಮ್ಮೂರು ಬಿಡೋವಾಗ ಅದ್ರಾಗೆ ಹುಳ ಇರ್ಲಿಲ್ಲ ನೋಡು."

ಎಲ್ಲರೂ ನಕ್ಕರು. ಮಾಬೂಬೀಯೂ ನಕ್ಕಳು, ನಗುತ್ತಲೇ ಫಿಲ್ಟರಿನ ಕಡೆ ಸರಿದಳು. ಹುಳದ ಸುದ್ದಿ ಹರಿಹರಕ್ಕೂ ಮುಟ್ಟಿದೆ! ಫಿಲ್ಟರಿನ ನಲ್ಲಿ ತಿರುಗಿಸಿದರೆ ಎರಡು ಲೋಟಕ್ಕೇ ತಳ ಕಂಡಿತು. ಮೇಲಿನಿಂದ ತೊಟ್ಟು, ತೊಟ್ಟು. ಬಂದವರೆಲ್ಲ ಬಾಯಾರಿ ಕೂತಿದ್ದರು. ನೀರು ತುಂಬಿಸಿ ತರುತ್ತೇನೆಂದು ಅವಳು ಫಿಲ್ಟರಿನ ಮೇಲಿನ ಅರ್ಧವನ್ನು ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದಳು, ಮಗನನ್ನೂ ಕಣ್ಸನ್ನೆಯಲ್ಲೇ ಕರೆದಳು.

"ಕುತುಬೂ, ಈ ಹಾಳಾದ ಕ್ಯಾಂಡಲ್ ಬಿಚ್ಚೋ."

"ಅಮ್ಮಿ, ಬಿಚ್ಚಿದ್ರೆ ಇದು ಫಿಲ್ಟರ್ ಆಗಲ್ಲ, ತೂತು ಬಿದ್ದ ಡಬರಿ ಆಗ್ತೈತೆ."

"ನಿನಗೆ ಮದ್ವೆ ಬೇಕೋ, ಕ್ಯಾಂಡಲ್ ಬೇಕೋ?"

ಮೂವತ್ತು ದಾಟಿದವನು ಇದಕ್ಕೆ ಹೆಚ್ಚು ಯೋಚಿಸಲಿಲ್ಲ. ಗ್ಯಾರೇಜಿನಲ್ಲಿ ಪಳಗಿದ ಕೈ, ಕಣ್ಣು ಮಿಟುಕಿಸುವುದರೊಳಗೆ ನಟ್ಟು ಬಿಚ್ಚಿ ಕ್ಯಾಂಡಲುಗಳನ್ನು ಅಕ್ಕಿ ಡಬ್ಬಿಗೆ ತುರುಕಿದ. ಮಾಬೂಬೀ ಹಂಡೆಯ ನೀರನ್ನು ಸೆರಗಿನಲ್ಲಿ ಸೋಸಿ ಕೊಡಕ್ಕೆ ತುಂಬಿದಳು. ಪಡಸಾಲೆಗೆ ಬಂದು, ಆ ಅರ್ಧವನ್ನು ಅದರ ಜಾಗಕ್ಕೆ ಕೂರಿಸಿ, ಬಿಸ್ಮಿಲ್ಲಾ ಎಂದು ಸುರಿದಳು. ನೀರು ಸೊರ್ರನೆ ಕೆಳಗಿಳಿಯಿತು. ಆ ಸದ್ದಿಗೆ ಸುಗ್ರಾಬಿ ಎಲೆ ಜಗಿಯುವುದನ್ನು ನಿಲ್ಲಿಸಿದಳು.

ಲೋಟಗಳು ಕೈಯಿಂದ ಕೈಗೆ ಹೋದವು. "ಫಿಲ್ಟರ್ ನೀರಿನ ರುಚಿನೇ ಬ್ಯಾರೆ ಬಿಡ್ರಿ!" ಎಂದು ಹುಡುಗಿಯ ಚಿಕ್ಕಪ್ಪ ಮತ್ತೊಂದು ಲೋಟ ಕೇಳಿ ಪಡೆದ. ಪುಣ್ಯಕ್ಕೆ ಯಾವ ಹುಳವೂ ಸಲಾಂ ಹೊಡೆಯಲಿಲ್ಲ. ಮಾಬೂಬೀ ಉಸಿರು ಬಿಡಬೇಕು, ಅಷ್ಟರಲ್ಲಿ ಸುಗ್ರಾಬಿ ಮೊಣಕಾಲು ಹಿಡಿದುಕೊಂಡು ಎದ್ದಳು. ನೆಟ್ಟಗೆ ಫಿಲ್ಟರಿನ ಹತ್ತಿರ ಹೋಗಿ, ಟೋಪಿ ತೆಗೆದು, ಮುಚ್ಚಳ ಎತ್ತಿ ಒಳಗೆ ಬಗ್ಗಿದಳು.

ಮಾಬೂಬೀ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟುಬಿಟ್ಟಳು. ಈ ಸಲವೂ ಮುರಿದರೆ ಮಗ ಹೀಗೇ ಮುದುಕನಾಗುತ್ತಾನೆ. ನನ್ನ ಕೈಯಾರೆ ಅವನ ಬಾಳು ಹಾಳುಮಾಡಿದೆನಲ್ಲ ಎಂದು ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು.

ಮುದುಕಿ ಬಹಳ ಹೊತ್ತು ಒಳಗೆ ನೋಡಿದಳು. ಮುಚ್ಚಳ ಹಾಕಿದಳು. ಟೋಪಿಯನ್ನು ಓರೆಯಾಗದಂತೆ ಸರಿಪಡಿಸಿದಳು. ಆಮೇಲೆ ತಾನೇ ಒಂದು ಲೋಟ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

"ನೀರು ಚೆಂದ ಐತೆ. ಇನ್ನೇನು ನೋಡ್ತೀರಿ? ಸಕ್ಕರೆ ತರಿಸ್ರಿ, ಮಾತು ಮುಗೀಲಿ."

ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಕುತುಬುದ್ದೀನ ನಾಚಿಕೊಂಡು, ಬಾಚಿದ ಕೂದಲನ್ನೇ ಮತ್ತೆ ಬಾಚಿದ. ಬಂದವರು ಹೊರಟಾಗ ಮಾಬೂಬೀ ಕಣ್ಣೀರು ತಡೆಯಲಾರದೆ ಜಟಕಾದ ಪಕ್ಕ ನಿಂತು ಮುದುಕಿಯ ಕೈ ಹಿಡಿದುಕೊಂಡಳು.

"ಖಾಲಾ, ನೀವು ಎಲ್ಲಾ ನೋಡಿದ್ರಿ. ನೋಡೀನೂ ಕುಡಿದ್ರಿ. ಈ ಋಣ ನಾನು ಹೆಂಗೆ ತೀರಿಸ್ಲಿ?"

"ಋಣ ಎಂಥದ್ದಮ್ಮಾ," ಸುಗ್ರಾಬಿ ಜಟಕಾ ಹತ್ತಿ, ಗಾಡಿಯವನಿಗೆ ಹೊಡಿ ಎಂದು ಸನ್ನೆ ಮಾಡಿ, ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. "ನಿಮ್ಮ ಫಿಲ್ಟರ್‌ನಾಗೆ ಎರಡು ಕ್ಯಾಂಡಲ್ ಇಲ್ಲ. ನಮ್ಮ ಹುಡುಗಿ ವಿಷಯದಾಗೂ ಎರಡು ಸಂಗತಿ ನಾವು ನಿಮಗೆ ಹೇಳದೆ ಮುಚ್ಚಿಟ್ಟೀವಿ."