ವರ್ನಾಳ ಹೆಸರಿನ ಕೈಗವಸು

ವರ್ನಾ ಉಣ್ಣೆಯ ಲಡಿಯೊಂದನ್ನು ಎಡಗೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿ ನೋಡಿ, "ಚುಚ್ಚತ್ತೆ, ಬೇಡ" ಎಂದು ಗುಡ್ಡೆಗೆ ವಾಪಸು ಹಾಕುತ್ತಿದ್ದಾಗಲೇ ರೊಸಾಲೀ ಓಡಿಬಂದು ಅವಳನ್ನು ಗಾಲಿಕುರ್ಚಿ ಸಮೇತ ಅಪ್ಪಿಕೊಂಡಳು. ಆ ಉಣ್ಣೆ ಮೇಳದ ಹೆಣಿಗೆ ಸ್ಪರ್ಧೆಗೆ ರೊಸಾಲೀಯೇ ತೀರ್ಪುಗಾರ್ತಿ.

"ಎರಡನೇ ಬಹುಮಾನ ಕಣೇ! ಈ ಕೈ ಇಟ್ಕೊಂಡೂ ಬಿಡ್ಲಿಲ್ವಲ್ಲ ನೀನು, ಗಟ್ಟಿಗಿತ್ತಿ!"

"ಯಾವುದಕ್ಕೆ ಬಹುಮಾನ?" ಎಂದಳು ವರ್ನಾ.

"ನಿನ್ನ ಬೂದು ಕೈಗವಸಿಗೆ. ಇನ್ಯಾವುದಕ್ಕೆ?"

ಕುರ್ಚಿಯ ಹಿಂದೆ ಹೆಂಡತಿಯ ಪರ್ಸು ಹಿಡಿದು ನಿಂತಿದ್ದ ಆಲ್ಡನ್‌ಗೆ ಎದುರಿನ ಬೇಲಿಯೊಳಗಿನ ಕುರಿಗಳ ಮೇಲೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ವರ್ನಾ ಕತ್ತು ತಿರುಗಿಸಿ ಅವನ ಮುಖ ನೋಡಿದಳು.

"ತಳ್ಳು," ಎಂದಳು. "ಆ ಕೈಗವಸು ಎಲ್ಲಿದೆಯೋ ಅಲ್ಲಿಗೆ ತಳ್ಳು."

ಹೋದ ವರ್ಷದ ಮೇಳ ಮುಗಿದ ಕೆಲವೇ ದಿನಕ್ಕೆ ಪಾರ್ಶ್ವವಾಯು ಬಡಿದು ಅವಳ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅಮೆರಿಕದ ಮೇನ್ ರಾಜ್ಯದ ಆ ಕರಾವಳಿಯಲ್ಲಿ ಚಳಿ ಬಿದ್ದು ದೋಣಿಗಳನ್ನು ದಡಕ್ಕೆಳೆದ ಮೇಲೆ ಲಾಬ್‌ಸ್ಟರ್ ಹಿಡಿಯುವ ಆಲ್ಡನ್‌ಗೂ ಕೆಲಸವಿರಲಿಲ್ಲ. ಸುಮ್ಮನೆ ಕಿಟಕಿ ದಿಟ್ಟಿಸುತ್ತ ಕೂತ ಹೆಂಡತಿಯನ್ನು ನೋಡಲಾರದೆ, "ನಂಗಾದ್ರೂ ಹೇಳ್ಕೊಡು" ಎಂದು ಹೆಣಿಗೆ ಕಡ್ಡಿ ಹಿಡಿದು ಅವಳ ಎದುರು ಕೂತಿದ್ದ. "ಮೀನಿಗೆ ಹಾಕೋ ಬಲೆಯಲ್ಲ ಮಾರಾಯ ಇದು! ಬಿಚ್ಚು!" ಎಂದು ಬೈಸಿಕೊಂಡು, ಬಿಚ್ಚಿ, ಮತ್ತೆ ಹೆಣೆದು, ಬೇಸಿಗೆಯ ಹೊತ್ತಿಗೆ ಅಂತೂ ಒಂದು ಜೊತೆ ಕೈಗವಸು ಮುಗಿಸಿದ್ದ. ಸಮುದ್ರಕ್ಕೆ ಹೋಗುವಾಗ ಹಾಕಿಕೊಳ್ಳುತ್ತಾನೆ ಎಂದು ಅವಳು ತಿಳಿದಿದ್ದಳು. ಅವನು ಗುಟ್ಟಾಗಿ ಅದನ್ನು ಸ್ಪರ್ಧೆಗೆ ಕೊಟ್ಟು, ಹೆಣೆದವರ ಹೆಸರು ಕೇಳಿದಾಗ 'ವರ್ನಾ ಬೀಲ್' ಎಂದು ಹೇಳಿಬಂದಿದ್ದ.

ಪ್ರದರ್ಶನದ ಮೇಜಿನ ಮೇಲೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು ಆ ಕೈಗವಸು ಕೂತಿತ್ತು, ಪಕ್ಕದಲ್ಲಿ ಅವಳ ಹೆಸರು. ವರ್ನಾ ಎಡಗೈಯಿಂದಲೇ ಅದನ್ನು ಎತ್ತಿ ತಿರುಗಿಸಿ ನೋಡಿದಳು.

"ಹೆಬ್ಬೆರಳು ನೋಡು. ಕುಡಿದವನ ಹಾಗೆ ವಾಲಿದೆ."

"ಪ್ರತಿ ವರ್ಷ ಈ ಮೇಜಿನ ಮೇಲೆ ನಿನ್ನ ಹೆಸರು ಇರ್ತಿತ್ತು," ಆಲ್ಡನ್ ದನಿ ತಗ್ಗಿಸಿದ. "ಈ ಸಲ ಇಲ್ದೇ ಹೋದ್ರೆ ನಿಂಗೆ ನೋವಾಗತ್ತೆ ಅಂತ... ಊಟ ಆದ್ಮೇಲೆ ಕರ್ಕೊಂಡ್ಬಂದು ತೋರಿಸೋಣ ಅಂತಿದ್ದೆ."

"ನನ್ನ ಕೈ ಹೋಗಿದೆ ಅಂತ ಊರಿಗೆಲ್ಲ ಗೊತ್ತಿತ್ತು ಆಲ್ಡನ್. ನನ್ನ ಹೆಣಿಗೆ ಕೆಟ್ಟಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಅದನ್ನೂ ನೀನೇ ಸಾರಿಬಿಟ್ಟೆ."

ಇದು ಅವನಿಗೆ ಹೊಳೆದೇ ಇರಲಿಲ್ಲ.

"ರೊಸಾಲೀ!" ವರ್ನಾ ಗಟ್ಟಿಯಾಗಿ ಕೂಗಿದಳು. "ಇದು ನಂದಲ್ಲ. ಹೆಣೆದವನು ಇಲ್ಲೇ ನನ್ನ ಪರ್ಸು ಹಿಡ್ಕೊಂಡು ನಿಂತಿದಾನೆ."

ಅಕ್ಕಪಕ್ಕದ ಹೆಂಗಸರೆಲ್ಲ ತಿರುಗಿ ನೋಡಿದರು. ರೊಸಾಲೀ ಮೊದಲು ನಕ್ಕಳು. ವರ್ನಾ ನಗದಿರುವುದನ್ನು ಕಂಡು ಸುಮ್ಮನಾದಳು. "ಹಾಗಾದ್ರೆ... ಬೇರೆಯವರ ಹೆಸರಲ್ಲಿ ಇಟ್ಟಿದ್ದಕ್ಕೆ ಬಹುಮಾನ ಕೊಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡ ಆಲ್ಡನ್," ಎಂದು ರಿಬ್ಬನ್ ಬಿಡಿಸಿ, ಮೂರನೆಯದಾಗಿದ್ದ ಕಂದು ಟೋಪಿಗೆ ಸಿಕ್ಕಿಸಿದಳು.

ಸದ್ಯ, ಮುಗಿಯಿತಲ್ಲ ಎಂದು ನಿರಾಳವಾಗಬೇಕಿತ್ತು. ಆದರೆ ಆಲ್ಡನ್‌ನ ಕಣ್ಣು ಆ ರಿಬ್ಬನ್ನಿನ ಹಿಂದೆಯೇ ಹೋಯಿತು. ಬೆಳಗಿನಿಂದ ಕಾಫಿ ತರುವ ನೆಪದಲ್ಲಿ, ಪಿಕಪ್ ಟ್ರಕ್ಕಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ನೆಪದಲ್ಲಿ ಅವನು ಈ ಮೇಜಿನ ಮುಂದೆ ಮತ್ತೆ ಮತ್ತೆ ಹಾದುಹೋಗಿದ್ದ. ಅದು ವರ್ನಾಳ ಹೆಸರನ್ನು ನೋಡಲಿಕ್ಕಲ್ಲ ಎಂದು ಈಗ ಅವನಿಗೇ ತಿಳಿಯಿತು.

ಕಂದು ಟೋಪಿಯ ಮೇಲೆ ನೆಟ್ಟಿದ್ದ ಗಂಡನ ಕಣ್ಣನ್ನು ವರ್ನಾ ಸ್ವಲ್ಪ ಹೊತ್ತು ನೋಡಿದಳು. ಕೈಗವಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, "ನಡಿ" ಎಂದಳು. ಬೆಳಗಿನಿಂದ ಮಳಿಗೆ ಮಳಿಗೆ ತಿರುಗಿ ಒಂದು ಎಳೆಯನ್ನೂ ಕೊಳ್ಳದಿದ್ದವಳು ಹೊರಡುವ ದಾರಿಯಲ್ಲಿ ಕುರ್ಚಿ ನಿಲ್ಲಿಸಿ ಕಡುನೀಲಿ ಉಣ್ಣೆ ಕೊಂಡಳು.

"ಯಾರಿಗೆ?" ಎಂದ ಆಲ್ಡನ್.

"ಹೆಣೆಯೋನಿಗೆ."

ಅವಳನ್ನು ಎತ್ತಿ ಟ್ರಕ್ಕಿನಲ್ಲಿ ಕೂರಿಸಿ, ಕುರ್ಚಿ ಮಡಿಸಿ ಹಿಂದಿಟ್ಟು ಅವನು ಬಂದು ಕೂರುವಷ್ಟರಲ್ಲಿ ವರ್ನಾ ಒಂದು ಕೈಗವಸಿನ ತುದಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿಬಿಟ್ಟಿದ್ದಳು. ಎಳೆ ಹಿಡಿದು ಜಗ್ಗಿದಳು. ಕುಣಿಕೆಗಳು ಸಾಲುಸಾಲಾಗಿ ಸಡಿಲಿ ಬಂದವು.

"ಏ, ಏನ್ಮಾಡ್ತಿದೀಯ? ವಾಲಿರೋದು ಹೆಬ್ಬೆರಳೊಂದೇ ಅಲ್ವಾ?"

"ಎರಡನೇ ಬಹುಮಾನ ನನ್ನ ಹೆಸರಿಗೆ ಸಾಲ್ದು. ನಿನ್ನ ಹೆಸರಿಗೆ ಮಾತ್ರ ಯಾಕೆ ಸಾಕು? ಕೈ ಚಾಚು."

ಆಲ್ಡನ್ ಶರಣಾದವನಂತೆ ಎರಡೂ ಕೈಗಳನ್ನು ಎತ್ತಿ ಹಿಡಿದ. ಬಿಚ್ಚಿಬಂದ ಸುಕ್ಕುಸುಕ್ಕು ಎಳೆಯನ್ನು ಅವಳು ಅವನ ಮಣಿಕಟ್ಟುಗಳಿಗೆ ಲಡಿಯಾಗಿ ಸುತ್ತುತ್ತ ಹೋದಳು. ಜಾಗ ಖಾಲಿಯಾಗಲೆಂದು ಹಿಂದೆ ಕಾದಿದ್ದ ಕಾರಿನವನು ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ.

"ಅಲ್ಲಾಡ್ಬೇಡ," ಎಂದಳು ವರ್ನಾ.