ಇನ್ನೊಂದು ಕೈ

"ಈ ನಾಲ್ವರ ಮೇಲೆ ಯಾರದಾದ್ರೂ ದೂರು ಇದೆಯೇನ್ರಪ್ಪಾ?"

ಶುಭ ಶುಕ್ರವಾರದ ಮಧ್ಯಾಹ್ನ ಇಗರ್ಜಿಯ ಮುಂದಿನ ಚೌಕದಲ್ಲಿ ಶಿಲುಬೆಯ ಕೆಳಗೆ ನಿಂತು ದೋನ್ ಲಿಬೊರಿಯೊ ಕೂಗಿ ಕೇಳಿದ. ವರ್ಷವರ್ಷವೂ ಉತ್ಸವದ ಯಜಮಾನ ಕೇಳಲೇಬೇಕಾದ ಪ್ರಶ್ನೆ ಅದು. ಸತ್ತ ಸ್ವಾಮಿಯ ಮೂರ್ತಿಯನ್ನು ಶಿಲುಬೆಯಿಂದ ಇಳಿಸುವ ನಾಲ್ವರು ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಯಾರಾದರೂ ಎದ್ದು ದೂರು ಹೇಳಿದರೆ, ಆ ಮನುಷ್ಯ ಅಲ್ಲೇ ನಿಲುವಂಗಿ ಕಳಚಿಟ್ಟು ಮನೆಗೆ ನಡೆಯಬೇಕು. ಯಾರೂ ಏಳುತ್ತಿರಲಿಲ್ಲ. ಈ ಸಲ ಮಾತ್ರ ಚೌಕವೇ ಒಬ್ಬ ಹೆಂಗಸಿನ ಕಡೆ ತಿರುಗಿತು.

ನಾಲ್ಕನೆಯವನು ಫಾಕುಂದೊ. ಕುಡಿದು ಲಾರಿ ಓಡಿಸಿ ಕಣಿವೆಗೆ ಬೀಳಿಸಿದವನು. ಆಲೂಗಡ್ಡೆ ಮೂಟೆಗಳ ಮೇಲೆ ಕೂತು ಸಂತೆಗೆ ಹೊರಟಿದ್ದ ಎಲ್ಮೆರ್, ಸಾತುರ್ನಿನಾಳ ಒಬ್ಬನೇ ಮಗ, ಅಂದೇ ಸತ್ತ. ಫಾಕುಂದೊ ಜೈಲಿನಿಂದ ಮರಳಿ ಬಂದಿದ್ದ. ಸ್ವಾಮಿಯ ಬಲಗೈ ಕೆಳಗೆ ಹೆಗಲು ಕೊಡುವುದು ಅವರ ಮನೆತನದ ಹಕ್ಕು. ಅಪ್ಪ ತೀರಿಕೊಂಡ ಮೇಲೆ ಅದು ಅವನ ಪಾಲಿಗೆ ಬಂದಿತ್ತು.

"ಏಳೇ ಅಕ್ಕ," ಪಕ್ಕದ ಕಾಸಿಲ್ದಾ ಸಾತುರ್ನಿನಾಳನ್ನು ತಿವಿದಳು. "ಬಾಯಲ್ಲೇನು ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯಾ? ಹೇಳಿಬಿಡು!" ಹಾಗೆ ಗದರುತ್ತಲೇ ತನ್ನ ಟೋಪಿ ತೆಗೆದು ಅವಳ ಮುಖಕ್ಕೆ ನೆರಳು ಹಿಡಿದಿದ್ದಳು.

ಸಾತುರ್ನಿನಾ ಎದ್ದು ನಿಂತಳು. ಫಾಕುಂದೊ ಯಾರೂ ಹೇಳುವ ಮೊದಲೇ ಸೊಂಟದ ಹಗ್ಗ ಬಿಚ್ಚತೊಡಗಿದ.

"ನನ್ನ ದೂರು ನಿಮ್ಮ ಹತ್ರ ಅಲ್ಲ ದೋನ್ ಲಿಬೊರಿಯೊ. ಮಗನ್ನ ಮಣ್ಣು ಮಾಡಿದ ದಿನಾನೇ ಆ ಸ್ವಾಮಿಗೆ ಕೊಟ್ಟಾಯ್ತು." ಅವಳು ಶಿಲುಬೆಯ ಕಡೆ ಬೆರಳು ಮಾಡಿದಳು. "ಇವನು ಹೋಗಿ ಸ್ವಾಮಿ ಕೈ ಕೆಳಗೇ ನಿಂತ್ಕೊಳ್ಲಿ. ಏನ್ ಮಾಡ್ಬೇಕೋ ಸ್ವಾಮಿನೇ ಮಾಡ್ಕೋತಾನೆ."

ಮನೆಗೆ ಕಳಿಸಿದ್ದರೆ ಫಾಕುಂದೊಗೆ ಹಗುರವಾಗುತ್ತಿತ್ತು. ಈಗ ಅವನು ಕಾಲೆಳೆದುಕೊಂಡು ಕಟ್ಟೆಯ ಮೆಟ್ಟಿಲು ಹತ್ತಿ ಶಿಲುಬೆಯ ಕೆಳಗೆ ನಿಂತ.

ನಮ್ಮೂರ ಸ್ವಾಮಿಯ ಮೈ ಮರದ್ದು, ಹೆಗಲಿನ ಕೀಲು ತೊಗಲಿನದು. ಮೊಳೆ ಕಿತ್ತೊಡನೆ ತೋಳು ಜೀವ ಹೋದವನ ತೋಳಿನಂತೆಯೇ ಇಳಿಯುತ್ತದೆ. ಅದಕ್ಕೇ ಮೊದಲು ಮಣಿಕಟ್ಟಿಗೆ ಬಿಳಿ ಬಟ್ಟೆ ಕಟ್ಟಿ, ಅಡ್ಡಮರದ ಮೇಲಿಂದ ಹಾಯಿಸಿ, ಮೆಲ್ಲಗೆ ಬಿಡುವುದು. ಏಣಿಯ ಮೇಲಿದ್ದ ಮುದುಕ ಅಬುಂದಿಯೊ ಬಟ್ಟೆ ಕಟ್ಟಿದ, ಮೊಳೆ ಕಿತ್ತ. ಕೊಳಲು ಊದುತ್ತಿದ್ದವರು ನಿಲ್ಲಿಸಿದರು. ಕೆಳಗಿದ್ದವರು ಮೊಳೆಯನ್ನು ತಟ್ಟೆಯಲ್ಲಿಟ್ಟು ವ್ಯಾಕುಲ ಮಾತೆಯ ಪ್ರತಿಮೆಗೆ ತೋರಿಸಲು ಒಯ್ಯುತ್ತಿದ್ದಾಗ ಗಂಟು ಜಾರಿತು.

ಬಲಗೈ ಬೀಸಿಕೊಂಡು ಬಂದು ಫಾಕುಂದೊನ ಕತ್ತಿನ ಮೇಲೆ ಧೊಪ್ಪನೆ ಬಿತ್ತು. ಮರದ ಬೆರಳು ತಾಕಿ ಕಿವಿ ಹರಿಯಿತು. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು.

"ಹೊಡೆದ! ಸ್ವಾಮಿ ಹೊಡೆದ!"

ಜನ ಇದ್ದಲ್ಲೇ ಮೊಣಕಾಲೂರಿದರು. ಕಾಸಿಲ್ದಾಳ ಹಲ್ಲು ಕಟಕಟ ಎನ್ನುತ್ತಿತ್ತು. "ನಿನ್ನ ದೂರು ಮುಟ್ತಲ್ಲೇ ಅಕ್ಕ... ಅಯ್ಯೋ ನಮ್ಮಪ್ಪಾ, ಮುಟ್ತಲ್ಲೇ."

ಫಾಕುಂದೊ ತೋಳನ್ನು ಕೊಡವಲಿಲ್ಲ. ಮೈಯೆಲ್ಲ ಒಂದೇ ಕೈಮೊಳೆಗೆ ಜೋತು ಎಡಗೈ ಹರಿದೀತೆಂದು ಸ್ವಾಮಿಯ ಸೊಂಟವನ್ನು ತಬ್ಬಿ ಹಿಡಿದು ನಿಂತಿದ್ದ. "ಹೊಡಿ ನನ್ನಪ್ಪ, ಇನ್ನೂ ಹೊಡಿ," ಎಂದು ಗೊಣಗುತ್ತಿದ್ದ.

ಹೆಂಗಸರು ಹತ್ತದ ಆ ಮೆಟ್ಟಿಲನ್ನು ಸಾತುರ್ನಿನಾ ಹತ್ತಿದಳು. ಕೆಳಗಿನಿಂದ ಅದು ಏಟಾಗಿಯೇ ಕಂಡಿತ್ತು. ಹತ್ತಿರ ಬಂದಾಗ ಕಂಡದ್ದು ಬೇರೆ. ದೂರದಿಂದ ನಡೆದು ದಣಿದು ಬಂದವರು ಮನೆಯವರ ಹೆಗಲಿಗೆ ಒರಗುವ ಹಾಗೆ ತೋಳು ಅವನ ಕತ್ತನ್ನು ಸುತ್ತಿತ್ತು. ತೂತು ಬಿದ್ದ ಅಂಗೈ ಅವನ ಬೆನ್ನ ಮೇಲೆ ತೆರೆದುಕೊಂಡಿತ್ತು. ಅದರ ಬೆರಳ ತುದಿಯಲ್ಲಿ ಅವನ ರಕ್ತವೂ ಇತ್ತು. ಏಟೋ ಅಪ್ಪುಗೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಒಂದೇ ಕೈಯಿಂದ ಬಂದಿದ್ದವು. ಅವಳಿಗೆ ಹೆದರಿಕೆಯಾಯಿತು. ಮಗ ಸತ್ತಾಗಲೂ ಅವಳು ಹಾಗೆ ಹೆದರಿರಲಿಲ್ಲ.

"ನನ್ನ ಗಂಟೇ ಸಡಿಲ ಇತ್ತು ತಾಯಿ," ಏಣಿಯ ಮೇಲೆ ಅಬುಂದಿಯೊ ಅಳುತ್ತಿದ್ದ. "ತಪ್ಪು ನಂದು."

"ಅಳ್ಬೇಡ ಅಣ್ಣ, ಏಣಿ ಗಟ್ಟಿಯಾಗಿ ಹಿಡ್ಕೋ, ಬಿದ್ದೀಯ." ಆಮೇಲೆ ಅವಳು ಹೇಳಿದಳು, "ಆ ಇನ್ನೊಂದು ಕೈನೂ ಬಿಚ್ಚು."

ಎಡಗಡೆ ಹೆಗಲು ಕೊಡಬೇಕಿದ್ದವನು ಅವಳ ಮುಖ ನೋಡಿ ಪಕ್ಕಕ್ಕೆ ಸರಿದ. ತನ್ನ ಹೆಗಲ ಮೇಲಿದ್ದ ಮೆತ್ತೆಯನ್ನು ತೆಗೆದು ಅವಳ ಹೆಗಲ ಮೇಲಿಟ್ಟ.

"ಹೆಂಗಸರು ಹೊರೋ ಪದ್ಧತಿ ಇಲ್ಲ ಕಣವ್ವಾ," ಎಂದ ದೋನ್ ಲಿಬೊರಿಯೊ. ಅವನ ದನಿಯಲ್ಲಿ ಬಲವಿರಲಿಲ್ಲ.

"ತೀರ್ಪು ಕೇಳಿದೋಳು ನಾನು ದೋನ್ ಲಿಬೊರಿಯೊ. ಅರ್ಧ ಕೇಳ್ಕೊಂಡು ಮನೆಗೆ ಹೋಗ್ಲಾ?"

ಅಬುಂದಿಯೊ ಈ ಸಲ ಗಂಟನ್ನು ಜಗ್ಗಿ ಜಗ್ಗಿ ನೋಡಿ ಮೊಳೆ ಕಿತ್ತ. ಎಡಗೈ ಮೆಲ್ಲಗೆ, ಬಹಳ ಮೆಲ್ಲಗೆ ಇಳಿದು ಅವಳ ಕತ್ತಿನ ಮೇಲೆ ಕೂತಿತು. ಕಾಲಿನ ಮೊಳೆಯೂ ಬಂದಾಗ ಪೂರ್ತಿ ಭಾರ ಅವರಿಬ್ಬರ ಮೇಲೆ ಬಿತ್ತು. ಮುಳ್ಳಿನ ಕಿರೀಟದ ತಲೆ ಇಬ್ಬರ ನಡುವೆ ವಾಲಿತು. ಫಾಕುಂದೊ ನೆಲ ಬಿಟ್ಟು ಕಣ್ಣೆತ್ತಲಿಲ್ಲ.

"ಎಡಗಾಲು ಮೊದ್ಲು," ಎಂದಳು ಸಾತುರ್ನಿನಾ, ಅವನ ಕಡೆ ತಿರುಗದೆ. "ನನ್ನ ಹೆಜ್ಜೆ ನೋಡ್ಕೊಂಡು ಇಳಿ. ಒಬ್ರು ಎಡವಿದ್ರೂ ಸ್ವಾಮಿ ಬೀಳ್ತಾನೆ."